ಮದುವೆಗೆ ಮುಂಚೆ ರಕ್ತ ಪರೀಕ್ಷೆ: ಹುಡುಗಿ ರಿಪೋರ್ಟ್ ಮಾತ್ರ ಸಾಕಂತೆ, ಏನು ಉತ್ತರ ಕೊಡಲಿ?

ಬೆಣ್ಣೆದೋಸೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಕೆಲಸ ಬೆಂಗಳೂರಲ್ಲಿ. ಮನೆಯಲ್ಲಿ ಒಂದು ಸಂಬಂಧ ಕೂಡಿ ಬಂದಿದೆ. ಜಾತಕ ಆಯ್ತು, ಹೆಣ್ಣು ನೋಡುವ ಶಾಸ್ತ್ರವೂ ಆಯ್ತು. ಹುಡುಗನ ಜೊತೆ ಫೋನಲ್ಲಿ ಮಾತಾಡುತ್ತಿದ್ದೇನೆ, ಒಳ್ಳೆಯವರು ಅನ್ನಿಸಿದೆ. ನಿಶ್ಚಿತಾರ್ಥಕ್ಕೆ ದಿನ ನೋಡುವ ಹೊತ್ತಿಗೆ ಹುಡುಗನ ಸೋದರಮಾವ ನಮ್ಮಪ್ಪನಿಗೆ ಫೋನ್ ಮಾಡಿದ್ದಾರೆ. "ಈಗಿನ ಕಾಲದಲ್ಲಿ ಯಾರನ್ನೂ ನಂಬೋ ಹಾಗಿಲ್ಲ ನೋಡಿ, ಹುಡುಗಿದು ಒಂದು ಎಚ್‌ಐವಿ ಟೆಸ್ಟ್ ಮಾಡಿಸಿ ರಿಪೋರ್ಟ್ ವಾಟ್ಸಾಪ್ ಮಾಡಿಬಿಡಿ" ಅಂದರಂತೆ. ಅಪ್ಪ ಅವತ್ತಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಅಮ್ಮನಿಗೆ ಇದು ಮಗಳ ನಡತೆ ಮೇಲೆ ಬಂದ ಮಾತು.

ಟೆಸ್ಟ್ ಮಾಡಿಸಲು ನನಗೆ ಏನೂ ತಕರಾರಿಲ್ಲ. ಸಿಟ್ಟು ಬಂದಿರುವುದು ಬೇರೆ ಕಾರಣಕ್ಕೆ. ಹುಡುಗನ ರಿಪೋರ್ಟ್ ಬಗ್ಗೆ ಸೊಲ್ಲೇ ಇಲ್ಲ. ಜೊತೆಗೆ ಆ ವಾಟ್ಸಾಪ್! ಸೋದರಮಾವನ ಫೋನಿಗೆ ಹೋದದ್ದು ನಾಳೆ ಅವರ ಫ್ಯಾಮಿಲಿ ಗ್ರೂಪಿಗೆ ಹೋಗಲ್ಲ ಅಂತ ಯಾರು ಗ್ಯಾರಂಟಿ?

ನಿಮ್ಮ ಮನೆಗಳಲ್ಲಿ ಇಂಥದ್ದು ಬಂದಾಗ ಏನು ಮಾಡಿದಿರಿ? ನಿಜವಾಗಿ ಯಾವ ಯಾವ ಟೆಸ್ಟ್ ಮಾಡಿಸಬೇಕು? ಎಚ್‌ಐವಿ ಒಂದೇ ಸಾಕಾ?

ಹಳೇಬೇರು

ತಂಗಿ, ಕೇಳಿದ್ದರಲ್ಲಿ ತಪ್ಪೇನಿದೆ? ಜಾತಕದಲ್ಲಿ ಮೂವತ್ತಾರು ಗುಣ ನೋಡುತ್ತೇವೆ, ಸಂಬಳದ ಚೀಟಿ ನೋಡುತ್ತೇವೆ, ಹೊಲ ಎಷ್ಟು ಎಕರೆ ಅಂತ ವಿಚಾರಿಸುತ್ತೇವೆ. ರಕ್ತ ನೋಡಿದರೆ ಮಾತ್ರ ಅವಮಾನವಾ? ನಮ್ಮ ಪಕ್ಕದ ಊರಲ್ಲಿ ಲಾರಿ ಓಡಿಸುವ ಹುಡುಗನಿಗೆ ಹೆಣ್ಣು ಕೊಟ್ಟು, ಮದುವೆಯಾದ ಮೇಲೆ ಆ ಹೆಣ್ಣುಮಗಳ ಪಾಡು ನೋಡಿದ್ದೇನೆ. ನನ್ನ ಕೇಳಿದರೆ ಸರ್ಕಾರವೇ ಕಡ್ಡಾಯ ಮಾಡಬೇಕು. ಸರ್ಟಿಫಿಕೇಟ್ ಇಲ್ಲದಿದ್ದರೆ ಛತ್ರವನ್ನೇ ಕೊಡಬಾರದು.

ಮಲ್ನಾಡ್_ಮಳೆ

@ಹಳೇಬೇರು ಸರ್, ಗಮನಿಸಿ. ನಿಮ್ಮದೇ ಉದಾಹರಣೆಯಲ್ಲಿ ಕಾಯಿಲೆ ಇದ್ದದ್ದು ಹುಡುಗನಿಗೆ. ಇಲ್ಲಿ ರಿಪೋರ್ಟ್ ಕೇಳುತ್ತಿರುವುದು ಹುಡುಗಿಗೆ. ಅದೇ ಅಲ್ವಾ ಅವರ ಪ್ರಶ್ನೆ?

ಹಳೇಬೇರು

ಅದು ಸರಿ. ಇಬ್ಬರೂ ಮಾಡಿಸಲಿ. ಅದಕ್ಕೆ ನನ್ನ ತಕರಾರಿಲ್ಲ.

ಕೆಂಪುಟ್ಯೂಬ್

ನಾನು ಲ್ಯಾಬ್ ಟೆಕ್ನೀಷಿಯನ್. ದಿನಾ ರಕ್ತ ತೆಗೆಯುವವನು. ಮೊದಲು ಟೆಸ್ಟ್‌ಗಳ ವಿಷಯ ಹೇಳಿಬಿಡುತ್ತೇನೆ, ಜಗಳ ಆಮೇಲೆ ಮುಂದುವರಿಸಿ.

ಮದುವೆಗೆ ಮುಂಚೆ ಅಂತ ಬರುವವರಿಗೆ ಸಾಮಾನ್ಯವಾಗಿ ನಾಲ್ಕು ಮಾಡುತ್ತೇವೆ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ (ಈ ಎರಡೂ ಲಿವರಿಗೆ ಬರುವ ವೈರಸ್ ಸೋಂಕು), ಮತ್ತೆ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್‌ಗೆ ವಿಡಿಆರ್‌ಎಲ್. ಎಲ್ಲಾ ಒಂದೇ ಸಲ ತೆಗೆದ ರಕ್ತದಲ್ಲಿ ಆಗುತ್ತದೆ. ಖಾಸಗಿ ಲ್ಯಾಬಿನಲ್ಲಿ 'ಪ್ರೀ ಮ್ಯಾರಿಟಲ್ ಪ್ಯಾಕೇಜ್' ಅಂತ ಇದಕ್ಕೆ ವಿಟಮಿನ್ ಡಿ, ಥೈರಾಯ್ಡ್, ಯೂರಿಕ್ ಆಸಿಡ್ ಎಲ್ಲಾ ಸೇರಿಸಿ ದೊಡ್ಡ ಬಿಲ್ ಮಾಡುತ್ತಾರೆ. ಅಂಟುವ ಕಾಯಿಲೆ ನೋಡಲು ಅದೆಲ್ಲ ಬೇಡ.

ಎಲ್ಲರೂ ಮರೆಯುವ ವಿಷಯ ವಿಂಡೋ ಪೀರಿಯಡ್. ಸೋಂಕು ತಗುಲಿದ ಮರುದಿನವೇ ಟೆಸ್ಟಿನಲ್ಲಿ ಕಾಣುವುದಿಲ್ಲ. ಎಚ್‌ಐವಿಗೆ ಈಗಿನ ನಾಲ್ಕನೇ ತಲೆಮಾರಿನ ಟೆಸ್ಟ್ ಆದರೆ ಸುಮಾರು ಒಂದೂವರೆ ತಿಂಗಳು ಕಳೆದಿರಬೇಕು. ಬೆರಳು ಚುಚ್ಚಿ ಆಂಟಿಬಾಡಿ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ನೋಡುವ ಕಿಟ್ ಆದರೆ ಮೂರು ತಿಂಗಳು. ಹೆಪಟೈಟಿಸ್ ಸಿ ಆಂಟಿಬಾಡಿ ಬರಲು ಎರಡು ಎರಡೂವರೆ ತಿಂಗಳು ಬೇಕು. ಹಾಗಾಗಿ ನೆಗೆಟಿವ್ ರಿಪೋರ್ಟ್ ಅಂದರೆ ಇವತ್ತಿನ ಮಾತಲ್ಲ, ಕೆಲವು ವಾರಗಳ ಹಿಂದಿನ ಮಾತು.

ಇನ್ನೊಂದು. ನಮ್ಮ ಲ್ಯಾಬಿಗೆ ಬರುವ ಮದುವೆ ಕೇಸುಗಳಲ್ಲಿ ಬಹುಪಾಲು ಜನ ಕೇಳುವುದು ಎಚ್‌ಐವಿ ಒಂದನ್ನೇ. ಹೆಪಟೈಟಿಸ್ ಬಿ ಸೇರಿಸೋಣವಾ ಅಂತ ನಾವೇ ಕೇಳಬೇಕು. "ಅದು ಕಾಮಾಲೆ ತಾನೇ, ಅದ್ಯಾಕೆ?" ಅನ್ನುತ್ತಾರೆ. ನಮ್ಮ ದೇಶದಲ್ಲಿ ಎಚ್‌ಐವಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರುವುದು ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಇದ್ದವರು ಸುಮಾರು 2.98 ಕೋಟಿ, ಹೆಪಟೈಟಿಸ್ ಸಿ ಇದ್ದವರು 55 ಲಕ್ಷ. ಎಚ್‌ಐವಿ ಇರುವವರು 25 ಲಕ್ಷದ ಆಸುಪಾಸು.

ಗೋಕಾಕ್_ಕರದಂಟು

ಸಂಬಂಧದಲ್ಲೇ ಮದುವೆ ಆಗುವವರು ಥಲಸ್ಸೀಮಿಯಾ ಟೆಸ್ಟ್ ಕೂಡ ಮಾಡಿಸಬೇಕು ಅಂತ ಕೇಳಿದ್ದೇನೆ. ಅದನ್ನೂ ಸೇರಿಸಿ.

ಕಟ್ಟೆ_ನಿರ್ವಾಹಕ

ಥಲಸ್ಸೀಮಿಯಾ ಅಂಟುವ ಕಾಯಿಲೆ ಅಲ್ಲ, ವಂಶದಿಂದ ಬರುವುದು. ಮುಖ್ಯವಾದದ್ದೇ, ಆದರೆ ಅದಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ಬರೆಯಿರಿ. ಇಲ್ಲಿ ಸೋಂಕಿನ ವಿಷಯ ಮಾತ್ರ.

ಲೆಕ್ಕದ_ಮೇಷ್ಟ್ರು

ಕಡ್ಡಾಯ ಮಾಡಬೇಕು ಅನ್ನುವವರಿಗೆ ಒಂದು ಸಣ್ಣ ಲೆಕ್ಕ. ಪೆನ್ನು ಹಿಡಿದುಕೊಳ್ಳಿ.

ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರು ಶೇಕಡಾ 0.2ರ ಹತ್ತಿರ. ಅಂದರೆ ಸಾವಿರಕ್ಕೆ 2 ಜನ. ಈಗ ಒಂದು ಕಿಟ್ ತಗೊಳ್ಳಿ. ಕಾಯಿಲೆ ಇಲ್ಲದ ಸಾವಿರ ಜನರಲ್ಲಿ 995 ಜನಕ್ಕೆ ಸರಿಯಾಗಿ "ಇಲ್ಲ" ಅನ್ನುತ್ತದೆ, 5 ಜನಕ್ಕೆ ಸುಮ್ಮನೆ "ಇದೆ" ಅಂದುಬಿಡುತ್ತದೆ ಅಂತ ಇಟ್ಟುಕೊಳ್ಳಿ. ಕೇಳಲು ಒಳ್ಳೆ ಕಿಟ್ಟೇ. ಆದರೆ ಸಾವಿರ ಮದುಮಕ್ಕಳಿಗೆ ಅದೊಂದೇ ಟೆಸ್ಟ್ ಮಾಡಿದರೆ 7 ಜನ ಪಾಸಿಟಿವ್ ಬರುತ್ತಾರೆ. ಅವರಲ್ಲಿ 5 ಜನಕ್ಕೆ ಏನೂ ಇಲ್ಲ! ಆ ಮೊದಲ ರಿಪೋರ್ಟ್ ಸೋದರಮಾವನ ವಾಟ್ಸಾಪಿಗೆ ಹೋದರೆ ಏನಾಗುತ್ತದೆ, ನೀವೇ ಯೋಚಿಸಿ.

ಅಮೆರಿಕದ ಇಲಿನಾಯ್ ರಾಜ್ಯದವರು 1988ರ ಜನವರಿಯಿಂದ ಮದುವೆ ಲೈಸೆನ್ಸಿಗೆ ಎಚ್‌ಐವಿ ಟೆಸ್ಟ್ ಕಡ್ಡಾಯ ಮಾಡಿದ್ದರು. ಮೊದಲ ಆರು ತಿಂಗಳಲ್ಲಿ 70,846 ಜನ ಟೆಸ್ಟ್ ಮಾಡಿಸಿದರು. ಸೋಂಕು ಸಿಕ್ಕಿದ್ದು 8 ಜನಕ್ಕೆ. ಒಬ್ಬೊಬ್ಬರನ್ನು ಪತ್ತೆ ಮಾಡಲು ಆದ ಖರ್ಚು 3 ಲಕ್ಷ ಡಾಲರ್ ಮೀರಿತ್ತು. ಆ ರಾಜ್ಯದಲ್ಲಿ ಮದುವೆ ಲೈಸೆನ್ಸ್ ತಗೊಳ್ಳುವವರು ಶೇಕಡಾ 22ರಷ್ಟು ಕಡಿಮೆಯಾದರು. ಮದುವೆ ನಿಂತುಹೋಗಿತ್ತಾ? ಇಲ್ಲ. ಪಕ್ಕದ ರಾಜ್ಯಕ್ಕೆ ಹೋಗಿ ಮದುವೆಯಾಗಿ ಬಂದರು. 1989ರಲ್ಲಿ ಆ ಕಾನೂನನ್ನೇ ಕಿತ್ತುಹಾಕಿದರು.

ಇಲ್ಲಿ ಛತ್ರ ಕೊಡದಿದ್ದರೆ ಧರ್ಮಸ್ಥಳಕ್ಕೆ ಹೋಗಿ ತಾಳಿ ಕಟ್ಟಿಸಿಕೊಂಡು ಬರುತ್ತಾರೆ, ಅಷ್ಟೇ.

ಹಳೇಬೇರು

ಮೇಷ್ಟ್ರೇ, ಆ ಎಂಟು ಜನರ ಹೆಂಡತಿ ಗಂಡಂದಿರಿಗೆ ನಿಮ್ಮ ಲೆಕ್ಕ ಹೇಳಿ ನೋಡಿ. ಎಂಟು ಮನೆ ಉಳಿಯಲಿಲ್ಲವಾ?

ಲೆಕ್ಕದ_ಮೇಷ್ಟ್ರು

ನ್ಯಾಯವಾದ ಪ್ರಶ್ನೆ. ಆ ಎಂಟು ಜನ ಮುಖ್ಯ ಅಲ್ಲ ಅಂತ ನಾನು ಹೇಳುತ್ತಿಲ್ಲ. ಅದೇ ದುಡ್ಡನ್ನು ಸೋಂಕಿನ ಅಪಾಯ ಜಾಸ್ತಿ ಇರುವ ಕಡೆ ಹಾಕಿದ್ದರೆ ಎಂಟರ ಬದಲು ಎಷ್ಟೋ ಜನ ಸಿಗುತ್ತಿದ್ದರು. ಟೆಸ್ಟ್ ಬೇಡ ಅನ್ನುತ್ತಿಲ್ಲ, ಪೊಲೀಸ್ ಕೆಲಸ ಬೇಡ ಅನ್ನುತ್ತಿದ್ದೇನೆ.

ದಮ್ಮಾಮ್_ಕುಂದಾಪ್ರ

ಸೌದಿಯಲ್ಲಿ ಇದ್ದೇನೆ, ಹಾಗಾಗಿ ಒಂದು ಮಾತು. ಇಲ್ಲಿ ಮದುವೆಗೆ ಮುಂಚಿನ ಪರೀಕ್ಷೆ ಕಡ್ಡಾಯ. 2004ರಲ್ಲಿ ಶುರುವಾದಾಗ ಸಿಕಲ್ ಸೆಲ್ ಮತ್ತು ಥಲಸ್ಸೀಮಿಯಾ ಅನ್ನುವ ವಂಶದಿಂದ ಬರುವ ರಕ್ತದ ಕಾಯಿಲೆ ಮಾತ್ರ ನೋಡುತ್ತಿದ್ದರು. 2008ರಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಸೇರಿಸಿದರು. ಸರ್ಟಿಫಿಕೇಟ್ ಇಲ್ಲದೆ ಮದುವೆ ನೋಂದಣಿ ಇಲ್ಲ. ಆದರೆ ನಮ್ಮ ಕಡೆಯವರು ತಿಳಿದ ಹಾಗೆ "ಪಾಸಿಟಿವ್ ಬಂದರೆ ಮದುವೆ ಬಂದ್" ಅಂತ ಇಲ್ಲ. ಕೂರಿಸಿ ಬುದ್ಧಿ ಹೇಳುತ್ತಾರೆ, ಚಿಕಿತ್ಸೆ ಹೇಳುತ್ತಾರೆ, ತೀರ್ಮಾನ ಇಬ್ಬರದು. ಇಲ್ಲಿ ಅದು ನಡೆಯುತ್ತಿದೆ ಅಂದರೆ ಎಲ್ಲರಿಗೂ ಒಂದೇ ನಿಯಮ, ಯಾರ ಮೇಲೂ ಅನುಮಾನ ಅಲ್ಲ ಅನ್ನುವ ಕಾರಣಕ್ಕೂ ಇರಬಹುದು. ಹುಡುಗಿ ಕಡೆ, ಹುಡುಗನ ಕಡೆ ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ನಮ್ಮ ಕರಾವಳಿ ಹುಡುಗರಿಗೆ ಈ ಟೆಸ್ಟ್ ಹೊಸದೇನೂ ಅಲ್ಲ. ಗಲ್ಫ್ ವೀಸಾಕ್ಕೆ ಮೆಡಿಕಲ್ ಮಾಡಿಸುವಾಗ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಟಿಬಿ ಎಲ್ಲಾ ನೋಡುತ್ತಾರೆ. ಎಷ್ಟೋ ಜನರಿಗೆ ತಮಗೆ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾಗುವುದೇ ಅಲ್ಲಿ.

ಹೆಸರು_ಬೇಡ

ಮೇಲಿನ ಕೊನೆ ಸಾಲು ನನ್ನ ಕತೆ. ಹೊಸ ಖಾತೆ ಮಾಡಿ ಬರೆಯುತ್ತಿದ್ದೇನೆ, ಕಾರಣ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ.

ವೀಸಾಕ್ಕೆ ಅಂತ ಹೋದವನು ನಾನು. ಕೌಂಟರಿನಲ್ಲಿ ಇದ್ದವರು ಜನರ ಮುಂದೆಯೇ "ನಿಮ್ಮದು ಅನ್‌ಫಿಟ್, ಎಚ್‌ಬಿಎಸ್‌ಎಜಿ ಪಾಸಿಟಿವ್" ಅಂದರು (ಹೆಪಟೈಟಿಸ್ ಬಿ ಇದೆ ಅಂತ ಅರ್ಥ). ಏನದು, ಎಲ್ಲಿಗೆ ಹೋಗಬೇಕು, ಒಂದು ಮಾತೂ ಇಲ್ಲ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಮನೆಗೆ ಬಂದು ಗೂಗಲ್ ಮಾಡಿದರೆ ಮೊದಲು ಸಿಕ್ಕಿದ್ದು ಲಿವರ್ ಕ್ಯಾನ್ಸರ್.

ಮನೆಯಲ್ಲಿ ಯಾರೂ ಬೈಯಲಿಲ್ಲ. ಆದರೆ ನನ್ನ ಸ್ಟೀಲ್ ಲೋಟದ ಬುಡಕ್ಕೆ ಅತ್ತಿಗೆ ಕೆಂಪು ನೈಲ್ ಪಾಲಿಶಿನ ಒಂದು ಚುಕ್ಕೆ ಇಟ್ಟರು. ತಟ್ಟೆಗೂ ಇಟ್ಟರು. ತೊಳೆದ ಮೇಲೆ ಅವು ಬೇರೆ ಕಡೆ ಬೋರಲು. ಬಟ್ಟಲು ಹಂಚಿಕೊಂಡರೆ ಇದು ಬರುವುದಿಲ್ಲ ಅಂತ ಅವರಿಗೂ ಗೊತ್ತಿರಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ.

ಸರಿಯಾದ ಡಾಕ್ಟರ್ ಸಿಕ್ಕಿದ ಮೇಲೆ ತಿಳಿದದ್ದು ಇಷ್ಟು. ಇದು ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಒಂದೇ ರೇಜರ್, ಒಂದೇ ಟೂತ್ ಬ್ರಷ್, ಉಗುರು ಕತ್ತರಿಸುವ ಕಟರ್ ಹಂಚಿಕೊಳ್ಳಬಾರದು. ಜೊತೆಗೆ ಕೂತು ಉಂಡರೆ, ತಬ್ಬಿಕೊಂಡರೆ, ಒಂದೇ ಬಚ್ಚಲು ಬಳಸಿದರೆ ಏನೂ ಆಗುವುದಿಲ್ಲ. ನನಗೆ ಬಹುಶಃ ಹುಟ್ಟುವಾಗಲೇ ಬಂದಿರಬೇಕು ಅಂದರು. ನಮ್ಮ ವಯಸ್ಸಿನ ಬಹಳಷ್ಟು ಜನರಿಗೆ ಹುಟ್ಟಿದಾಗ ಆ ಲಸಿಕೆ ಸಿಕ್ಕಿಲ್ಲ. ದೇಶಕ್ಕೆಲ್ಲ ಮಕ್ಕಳ ಲಸಿಕೆ ಪಟ್ಟಿಗೆ ಅದು ಪೂರ್ತಿ ಬಂದದ್ದು 2011ರಲ್ಲಿ. ಆದರೆ ಪಾಸಿಟಿವ್ ಅಂದ ಕೂಡಲೇ ಜನ ನೋಡುವುದು ನಿಮ್ಮ ಚಾರಿತ್ರ್ಯವನ್ನೇ.

ಆಮೇಲೆ ಹೆಣ್ಣು ನೋಡಲು ಶುರು ಮಾಡಿದರು. ಅಣ್ಣ "ಹೇಳುವುದು ಬೇಡ, ಮದುವೆಯಾದ ಮೇಲೆ ನೋಡಿಕೊಳ್ಳೋಣ" ಅಂದ. ನಾನು ಒಪ್ಪಲಿಲ್ಲ. ಎರಡು ಸಂಬಂಧ ಮುರಿದವು. ಮೂರನೆಯವಳಿಗೆ ಹೇಳಿದಾಗ ಅವಳು ಕೇಳಿದ್ದು, "ಇದಕ್ಕೆ ಲಸಿಕೆ ಇದೆಯಾ?" ಅಂತ. ಇದೆ ಅಂದೆ. ಇಬ್ಬರೂ ಒಟ್ಟಿಗೆ ಹೋಗಿ ಡಾಕ್ಟರ ಮುಂದೆ ಕೂತೆವು. ಅವಳಿಗೆ ಮೂರು ಡೋಸ್ ಆಯಿತು: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಕೊನೆ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿಬಾಡಿ ನೋಡಿದರು, 10ರ ಮೇಲೆ ಬಂದರೆ ರಕ್ಷಣೆ ಇದೆ ಅಂತ ಅರ್ಥ. ಅವಳದು ಎಷ್ಟೋ ಪಟ್ಟು ಮೇಲೆ ಬಂತು. ಮದುವೆ ಆಯ್ತು, ಮಗಳಿದ್ದಾಳೆ, ಹೆಂಡತಿ ಮಗಳು ಇಬ್ಬರೂ ನೆಗೆಟಿವ್. ನಾನು ಆರು ತಿಂಗಳಿಗೊಮ್ಮೆ ಲಿವರ್ ಟೆಸ್ಟ್, ಸ್ಕ್ಯಾನಿಂಗ್ ಮಾಡಿಸುತ್ತೇನೆ.

ಇದನ್ನೆಲ್ಲ ಬರೆದದ್ದು ಬೆಣ್ಣೆದೋಸೆಯವರಿಗೆ. ದಯವಿಟ್ಟು ಎಚ್‌ಐವಿ ಒಂದಕ್ಕೇ ನಿಲ್ಲಿಸಬೇಡಿ.

ಮಲ್ನಾಡ್_ಮಳೆ

@ಹೆಸರು_ಬೇಡ ಅಣ್ಣಾ, ಆ ಅತ್ತಿಗೆ ಈಗಲೂ ಚುಕ್ಕೆ ಇಡುತ್ತಾರಾ?

ಹೆಸರು_ಬೇಡ

ಇಲ್ಲ. ಅವರೂ ಲಸಿಕೆ ಹಾಕಿಸಿಕೊಂಡರು. ಆದರೆ ಆ ಲೋಟ ಈಗಲೂ ಮನೆಯಲ್ಲಿದೆ, ಪಾಲಿಶ್ ಪೂರ್ತಿ ಹೋಗಿಲ್ಲ.

ಆಪ್ತಮಾತು

ನಾನು ಸರ್ಕಾರಿ ಆಸ್ಪತ್ರೆಯೊಂದರ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಆಪ್ತ ಸಮಾಲೋಚಕಿ. ಮೇಷ್ಟ್ರು ಹೇಳಿದ ಲೆಕ್ಕಕ್ಕೆ ಒಂದು ಮಾತು ಸೇರಿಸಬೇಕು. ನಮ್ಮಲ್ಲಿ ಒಂದು ಕಿಟ್ಟಿನಲ್ಲಿ ಬಂತು ಅಂತ ಯಾರಿಗೂ ಪಾಸಿಟಿವ್ ಅಂತ ಹೇಳುವುದಿಲ್ಲ. ಮೊದಲನೆಯದರಲ್ಲಿ ಬಂದರೆ ಬೇರೆ ಬಗೆಯ ಎರಡನೇ ಕಿಟ್, ಆಮೇಲೆ ಮೂರನೆಯದು. ಮೂರರಲ್ಲೂ ಬಂದರೆ ಮಾತ್ರ ಪಾಸಿಟಿವ್. ಆ ಐದು ಜನ ಅಲ್ಲೇ ಸೋಸಿಹೋಗುತ್ತಾರೆ. ಹೊರಗಿನ ಲ್ಯಾಬಿನಲ್ಲಿ ಒಂದೇ ಟೆಸ್ಟ್ ಮಾಡಿ 'ರಿಯಾಕ್ಟಿವ್' ಅಂತ ಬರೆದು ಕೊಟ್ಟಿದ್ದರೆ ಅದನ್ನು ಹಿಡಿದುಕೊಂಡು ಅಳಬೇಡಿ, ಐಸಿಟಿಸಿಗೆ ಬನ್ನಿ.

ಎಚ್‌ಐವಿ ಟೆಸ್ಟ್ ನಮ್ಮಲ್ಲಿ ಉಚಿತ. ಟೆಸ್ಟಿಗೆ ಮುಂಚೆ ಮಾತಾಡುತ್ತೇವೆ, ಆಮೇಲೂ ಮಾತಾಡುತ್ತೇವೆ. ರಿಪೋರ್ಟ್ ಟೆಸ್ಟ್ ಮಾಡಿಸಿಕೊಂಡವರ ಕೈಗೇ. ಅಪ್ಪ ಬಂದರೂ ಕೊಡುವುದಿಲ್ಲ, ಭಾವಿ ಮಾವ ಬಂದರೂ ಕೊಡುವುದಿಲ್ಲ. ಹೀಗೆ ಬರುವವರು ಬಹಳ. ಕಳೆದ ಸಲ ಲಗ್ನಪತ್ರಿಕೆ ಕೈಯಲ್ಲಿ ಹಿಡಿದುಕೊಂಡೇ ಒಬ್ಬ ಹಿರಿಯರು ಬಂದಿದ್ದರು. "ಹುಡುಗ ನಿನ್ನೆ ಬಂದು ಹೋಗಿದ್ದಾನಲ್ಲ, ಹೂಂ ಅನ್ನಿ ಇಲ್ಲಾ ಉಹೂಂ ಅನ್ನಿ, ಅಷ್ಟೇ ಸಾಕು" ಅಂದರು. ನಾನು ಹೂಂ ಅಂತಲೂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಚಹಾ ಕೊಡಿಸಿ ಕಳಿಸಿದೆ. ಹುಡುಗ ಹುಡುಗಿ ಇಬ್ಬರೂ ಒಟ್ಟಿಗೆ ಬಂದು, ಇಬ್ಬರೂ ಒಪ್ಪಿದರೆ, ಫಲಿತಾಂಶವನ್ನು ಒಟ್ಟಿಗೇ ಕೂರಿಸಿ ಹೇಳುತ್ತೇವೆ. ಅದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಪಾಸಿಟಿವ್ ಬಂದರೆ ಮದುವೆಯೇ ಇಲ್ಲ ಅನ್ನುವುದೂ ಹಳೇ ಮಾತು. ಎಚ್‌ಐವಿ ಹತೋಟಿಗೆ ಕೊಡುವ ಎಆರ್‌ಟಿ ಮಾತ್ರೆ ಉಚಿತ. ದಿನಾ ತಪ್ಪದೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಹುಟ್ಟಿನಿಂದ ಎಚ್‌ಐವಿ ಇದ್ದ ಮಕ್ಕಳು ಈಗ ಬೆಳೆದು ಮದುವೆಯಾಗಿ, ಅವರ ಮಕ್ಕಳು ನೆಗೆಟಿವ್ ಹುಟ್ಟುವುದನ್ನು ನಾವು ನೋಡುತ್ತಿದ್ದೇವೆ. ನೆಗೆಟಿವ್ ಇರುವವರು ಪಾಸಿಟಿವ್ ಇರುವವರನ್ನು ತಿಳಿದೇ ಮದುವೆಯಾಗುವುದೂ ಇದೆ. ತಿಳಿದು ಆಗುವುದಕ್ಕೂ ಮುಚ್ಚಿಟ್ಟು ಮಾಡುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿ ಎಲ್ಲಾ.

ಮನೆಯಲ್ಲಿ ಮಾತಾಡಲು ಆಗದವರು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ಉಚಿತ, ಹೆಸರು ಹೇಳಬೇಕಿಲ್ಲ.

ಧಾರವಾಡ_ಪೇಢಾ

ವಕೀಲಿ ಮಾಡುತ್ತೇನೆ. ಕಾನೂನಿನ ಕಡೆಯಿಂದ ಸ್ವಲ್ಪ.

ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಪಾಸಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿಸಿ, ಒಪ್ಪಿಗೆ ಪಡೆದು ಮಾತ್ರ ಟೆಸ್ಟ್ ಮಾಡಬೇಕು. ಬೇರೆ ಯಾವುದೋ ಟೆಸ್ಟ್ ಅಂತ ರಕ್ತ ತಗೊಂಡು ಅದರಲ್ಲೇ ಎಚ್‌ಐವಿ ನೋಡುವಂತಿಲ್ಲ. "ಥೈರಾಯ್ಡ್ ಟೆಸ್ಟ್ ಅಂತ ಹೇಳಿ ಮಾಡಿಸಿಬಿಡಿ" ಅನ್ನುವ ಹಿರಿಯರು ಇದ್ದಾರೆ, ಅದಕ್ಕೇ ಹೇಳಿದೆ.

ಗಂಡನಿಗೆ ಇದ್ದರೆ ಹೆಂಡತಿಗೆ ಡಾಕ್ಟರ್ ಹೇಳಬಹುದಾ? ಕೆಲವು ಷರತ್ತುಗಳ ಮೇಲೆ ಹೇಳಬಹುದು. ಸಂಗಾತಿಗೆ ನಿಜವಾದ ಅಪಾಯ ಇರಬೇಕು. ನೀನೇ ಹೇಳು ಅಂತ ಸೋಂಕಿತರಿಗೆ ಸಮಾಲೋಚನೆ ಮಾಡಿರಬೇಕು. ಅವರು ಹೇಳುವುದಿಲ್ಲ ಅಂತ ಖಾತ್ರಿ ಆಗಿರಬೇಕು, ಈಗ ನಾವು ಹೇಳುತ್ತೇವೆ ಅಂತ ಅವರಿಗೆ ತಿಳಿಸಿರಬೇಕು. ಆಮೇಲೆ ಮುಖಾಮುಖಿ ಕೂರಿಸಿ ಹೇಳಬೇಕು. ಆದರೆ ಕಾಯ್ದೆಯಲ್ಲಿ ಸಂಗಾತಿ ಅಂದರೆ ಗಂಡ, ಹೆಂಡತಿ ಅಥವಾ ಹಾಗೇ ಬಾಳುತ್ತಿರುವವರು. ನಿಶ್ಚಿತಾರ್ಥ ಆದವರ ಹೆಸರು ಅಲ್ಲಿ ಬಿಡಿಸಿ ಬರೆದಿಲ್ಲ. ಹಾಗಾಗಿ "ಇದ್ದರೆ ಆಸ್ಪತ್ರೆಯವರೇ ಹೇಳುತ್ತಾರೆ ಬಿಡಿ" ಅಂತ ಕೂರಬೇಡಿ. ನೀವಿಬ್ಬರೇ ಒಬ್ಬರಿಗೊಬ್ಬರು ತೋರಿಸಿಕೊಳ್ಳಬೇಕು.

ಹಳೇ ಕೇಸು ಒಂದಿದೆ. ರಕ್ತ ಕೊಡಲು ಹೋದವರಿಗೆ ಎಚ್‌ಐವಿ ಇದೆ ಅಂತ ಗೊತ್ತಾಗಿ, ಆಸ್ಪತ್ರೆಯಿಂದ ವಿಷಯ ಹೊರಬಿದ್ದು, ನಿಶ್ಚಯವಾಗಿದ್ದ ಮದುವೆ ಮುರಿಯಿತು. ತೀರ್ಪಿನಲ್ಲಿ ಅವರ ಹೆಸರು 'ಮಿಸ್ಟರ್ ಎಕ್ಸ್', ಆಸ್ಪತ್ರೆಯ ಹೆಸರು 'ಝಡ್'. 1998ರಲ್ಲಿ ಸುಪ್ರೀಂ ಕೋರ್ಟ್ ಹುಡುಗಿಯ ಆರೋಗ್ಯ ದೊಡ್ಡದು ಅಂತ ಆಸ್ಪತ್ರೆ ಪರ ನಿಂತಿತು. ಅಲ್ಲಿಗೇ ನಿಲ್ಲದೆ, ಇಂಥವರ ಮದುವೆಯ ಹಕ್ಕೇ ಅಮಾನತಿನಲ್ಲಿ ಇರುತ್ತದೆ ಅಂದುಬಿಟ್ಟಿತು. 2002ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಮದುವೆ ಹಕ್ಕಿನ ಬಗ್ಗೆ ಆ ಮಾತುಗಳ ಅಗತ್ಯವೇ ಇರಲಿಲ್ಲ ಅಂತ ಸರಿಪಡಿಸಿತು. ಇವತ್ತಿಗೂ ವಾಟ್ಸಾಪಿನಲ್ಲಿ 1998ರದ್ದೇ ಓಡಾಡುತ್ತಿದೆ.

ಕಡ್ಡಾಯದ ಮಾತು ಆಗಾಗ ಬರುತ್ತದೆ. ಗೋವಾದಲ್ಲಿ 2006ರಲ್ಲಿ ಬಂದಿತ್ತು. ಮೇಘಾಲಯದ ಆರೋಗ್ಯ ಸಚಿವರು 2025ರಲ್ಲಿ ಇಂಥ ಕಾನೂನಿನ ಯೋಚನೆ ಇದೆ ಅಂದರು. ಮುಚ್ಚಿಟ್ಟು ಮದುವೆ ಮಾಡಿದರೆ ಪರಿಹಾರ ಈಗಲೂ ಇದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಂಟುವ ಲೈಂಗಿಕ ರೋಗ ವಿಚ್ಛೇದನಕ್ಕೆ ಕಾರಣ. ಮುಖ್ಯ ವಿಷಯದಲ್ಲಿ ಮೋಸ ಮಾಡಿ ಒಪ್ಪಿಗೆ ಪಡೆದಿದ್ದರೆ ಮದುವೆ ರದ್ದು ಮಾಡಿಸಬಹುದು, ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆದರೆ ಕೋರ್ಟಿನ ಕಟ್ಟೆ ಹತ್ತುವ ಮೊದಲೇ ರಕ್ತ ಕೊಡುವುದು ಅಗ್ಗ.

ಶಿರಸಿ_ಅಡಿಕೆ

ನನ್ನದೊಂದು ಸಣ್ಣ ಡೌಟು. ಹುಡುಗನಿಗೆ ಹಿಂದೆ ಟಿಬಿ ಆಗಿತ್ತಂತೆ, ಆರು ತಿಂಗಳು ಮಾತ್ರೆ ಮುಗಿಸಿದ್ದಾನೆ. ಮನೆಯವರು ಸಂಬಂಧ ಬೇಡ ಅನ್ನುತ್ತಿದ್ದಾರೆ.

ಆಪ್ತಮಾತು

ಕೋರ್ಸ್ ಪೂರ್ತಿ ಮಾಡಿ, ಗುಣವಾಗಿದೆ ಅಂತ ಡಾಕ್ಟರ್ ಬರೆದುಕೊಟ್ಟಿದ್ದರೆ ಅದು ಮುಗಿದ ಕತೆ. ಅದಕ್ಕೆ ಸಂಬಂಧ ಬಿಡುವುದು ಅನ್ಯಾಯ. ಈಗಲೂ ಮಾತ್ರೆ ನಡೆಯುತ್ತಿರುವವರಾದರೆ ಮುಗಿಯುವವರೆಗೆ ಮದುವೆ ಮುಂದಕ್ಕೆ ಹಾಕಿದರೆ ಒಳ್ಳೆಯದು. ಇನ್ನೊಂದು, ಹೆಣ್ಣುಮಕ್ಕಳು ಟಿಬಿ ಮಾತ್ರೆ ತಗೊಳ್ಳುತ್ತಿದ್ದರೆ ಅದರಲ್ಲಿ ರಿಫಾಂಪಿಸಿನ್ ಅನ್ನುವ ಔಷಧಿ ಇರುವಾಗ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಡಾಕ್ಟರ ಹತ್ತಿರ ಬೇರೆ ದಾರಿ ಕೇಳಬೇಕು.

ಕೆಂಪುಟ್ಯೂಬ್

ರಿಪೋರ್ಟ್ ಓದುವ ಬಗ್ಗೆಯೂ ಹೇಳಬೇಕಿತ್ತು, ಮರೆತೆ. ವಿಡಿಆರ್‌ಎಲ್ ಸ್ವಲ್ಪ ಪಾಸಿಟಿವ್ ಬಂದರೆ ಸಿಫಿಲಿಸ್ಸೇ ಅಂತ ಅಲ್ಲ. ಮಲೇರಿಯಾ, ಲೂಪಸ್ ಇದ್ದರೂ, ಗರ್ಭಿಣಿಯರಲ್ಲೂ ಬರುತ್ತದೆ. ಟಿಪಿಎಚ್‌ಎ ಅನ್ನುವ ಇನ್ನೊಂದು ಟೆಸ್ಟ್ ಮಾಡಿ ಖಚಿತ ಮಾಡಬೇಕು. ನಿಜವಾಗಿ ಇದ್ದರೂ ಪೆನಿಸಿಲಿನ್ ಇಂಜೆಕ್ಷನ್ನಿಗೆ ಗುಣವಾಗುತ್ತದೆ. ಹೆಪಟೈಟಿಸ್ ಸಿ ಆಂಟಿಬಾಡಿ ಪಾಸಿಟಿವ್ ಅಂದರೆ ಯಾವತ್ತೋ ಬಂದು ಹೋಗಿರಲೂಬಹುದು, ಈಗ ವೈರಸ್ ಇದೆಯಾ ಅಂತ ಆರ್‌ಎನ್‌ಎ ಟೆಸ್ಟ್ ಹೇಳುತ್ತದೆ. ಇದ್ದರೂ ಸಾಮಾನ್ಯವಾಗಿ ಮೂರು ತಿಂಗಳು ಮಾತ್ರೆ ತಗೊಂಡರೆ ಹೋಗುತ್ತದೆ. 2018ರ ಜುಲೈಯಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಬಿ, ಸಿ ಎರಡಕ್ಕೂ ಟೆಸ್ಟ್, ಮಾತ್ರೆ ಉಚಿತ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಈ ನಾಲ್ಕರಲ್ಲಿ ಎರಡು ಪೂರ್ತಿ ಗುಣವಾಗುತ್ತವೆ. ಒಂದಕ್ಕೆ ಲಸಿಕೆ ಇದೆ. ಇನ್ನೊಂದು ದಿನಾ ಮಾತ್ರೆಯಿಂದ ಹತೋಟಿಯಲ್ಲಿ ಇರುತ್ತದೆ. ಆದರೂ ಸಂಬಂಧ ಮುರಿಯುವುದು ಮಾತ್ರ ಒಂದೇ ಬಾರಿಗೆ, ಒಂದು ಸಾಲು ನೋಡಿ.

ಹಳೇಬೇರು

ಇಷ್ಟೆಲ್ಲ ನನಗೂ ಗೊತ್ತಿರಲಿಲ್ಲ. ಆದರೂ ನನ್ನ ಮಾತು ಬಿಡುವುದಿಲ್ಲ. ಹಳ್ಳಿ ಕಡೆ ಹುಡುಗಿ ಬಾಯಿಬಿಟ್ಟು "ನೀನೂ ಟೆಸ್ಟ್ ಮಾಡಿಸು" ಅನ್ನುವ ಧೈರ್ಯ ಎಷ್ಟು ಜನಕ್ಕೆ ಇದೆ? ಬೆಂಗಳೂರಲ್ಲಿ ಕೆಲಸ ಮಾಡುವ ಈ ತಂಗಿಗೇ ಕಷ್ಟ ಆಗುತ್ತಿದೆ. ಕಾನೂನು ಇದ್ದರೆ ಅವಳು ಕೇಳಬೇಕಾಗಿಯೇ ಇಲ್ಲ, ಕಾನೂನೇ ಕೇಳುತ್ತದೆ.

ಆಪ್ತಮಾತು

ಅಣ್ಣಾ, ಈ ಮಾತಿಗೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ನೀವು ಹೇಳಿದ್ದು ನಿಜ. ನನ್ನ ಭಯ ಒಂದೇ. ಕಡ್ಡಾಯ ಅಂದ ಕೂಡಲೇ ಸುಳ್ಳು ಸರ್ಟಿಫಿಕೇಟ್ ಹುಟ್ಟುತ್ತದೆ. ಡ್ರೈವಿಂಗ್ ಲೈಸೆನ್ಸಿಗೆ ಮೆಡಿಕಲ್ ಸರ್ಟಿಫಿಕೇಟ್ ಹೇಗೆ ಸಿಗುತ್ತದೆ ಅಂತ ನಿಮಗೇ ಗೊತ್ತು. ಆಮೇಲೆ ಪಾಸಿಟಿವ್ ಬಂದ ಹುಡುಗಿಯ ಸುದ್ದಿ ಊರಿಗೆಲ್ಲ ಹರಡುತ್ತದೆ, ಹುಡುಗನದ್ದು ಮನೆಯೊಳಗೇ ಮುಚ್ಚಿಹೋಗುತ್ತದೆ. ನಾನು ಕಂಡದ್ದು ಹಾಗೆ.

ಹಳೇಬೇರು

ಆ ಮೆಡಿಕಲ್ ಸರ್ಟಿಫಿಕೇಟ್ ವಿಷಯ ಬೇಡ ಬಿಡಿ.

ಬೆಣ್ಣೆದೋಸೆ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಜನ ಇಷ್ಟು ಉದ್ದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. @ಹೆಸರು_ಬೇಡ, ನಿಮ್ಮದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ "ಪಾಪ, ಲೋಟಕ್ಕೆ ಯಾಕೆ ಹಾಗೆ ಮಾಡಬೇಕಿತ್ತು" ಅಂದರು.

ನಿನ್ನೆ ರಾತ್ರಿ ಹುಡುಗನಿಗೇ ನೇರವಾಗಿ ಫೋನ್ ಮಾಡಿದೆ. ನಿಮ್ಮ ಸೋದರಮಾವ ಹೀಗೆ ಕೇಳಿದ್ದಾರೆ, ನಿಮಗೆ ಗೊತ್ತಾ ಅಂದೆ. ಗೊತ್ತಿರಲಿಲ್ಲವಂತೆ. ಸ್ವಲ್ಪ ಹೊತ್ತು ಮಾತೇ ಇಲ್ಲ. "ನಾನು ಮಾಡಿಸುತ್ತೇನೆ, ನೀವೂ ಮಾಡಿಸಿ. ನಾಲ್ಕೂ ಟೆಸ್ಟ್. ನನ್ನ ರಿಪೋರ್ಟ್ ನಿಮಗೆ, ನಿಮ್ಮದು ನನಗೆ. ಫೋಟೋ ಯಾರಿಗೂ ಹೋಗಬಾರದು" ಅಂದೆ. ಆಮೇಲೆ ಅವರು ಕೇಳಿದ್ದು, "ಏನಾದರೂ ಬಂದರೆ ಏನು ಮಾಡೋಣ?" ಅಂತ. ಬಂದರೆ ಇಬ್ಬರೂ ಡಾಕ್ಟರ ಹತ್ತಿರ ಹೋಗಿ ಕೇಳಿಕೊಂಡು ಆಮೇಲೆ ತೀರ್ಮಾನ ಮಾಡೋಣ ಅಂದೆ. ಬೇಡ ಅನ್ನಿಸಿದರೆ ಕಾರಣ ಹೊರಗೆ ಹೇಳಬಾರದು, ಜಾತಕ ಕೂಡಲಿಲ್ಲ ಅಂದರೆ ಆಯ್ತು. ಅದಕ್ಕೆ ಅವರು ನಕ್ಕರು. ಸೋದರಮಾವನಿಗೆ ಅವರೇ ಹೇಳುತ್ತಾರಂತೆ. ಸೋದರಮಾವ ಮುನಿಸಿಕೊಂಡಿದ್ದಾರೆ ಅಂತ ಬೆಳಿಗ್ಗೆ ಮೆಸೇಜ್ ಬಂತು. ನೋಡೋಣ.

ಶನಿವಾರ ಹೋಗುತ್ತಿದ್ದೇವೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ಆಮೇಲೆ, ಹೆಪಟೈಟಿಸ್ ಬಿ ಲಸಿಕೆ ನನಗೆ ಚಿಕ್ಕಂದಿನಲ್ಲಿ ಹಾಕಿಸಿದ ನೆನಪು ಮನೆಯಲ್ಲಿ ಯಾರಿಗೂ ಇಲ್ಲ, ಕಾರ್ಡೂ ಇಲ್ಲ. ಅವತ್ತೇ ಮೊದಲ ಡೋಸ್ ಹಾಕಿಸಿಕೊಂಡುಬಿಡಲಾ?

ಮಲ್ನಾಡ್_ಮಳೆ

ಶಭಾಷ್ ಕಣೇ! ಮದುವೆ ಊಟಕ್ಕೆ ಕರೀಬೇಕು. ರುಬೆಲ್ಲಾ (ಬಸುರಿಯಾದಾಗ ಬಂದರೆ ಮಗುವಿಗೆ ತೊಂದರೆ ಮಾಡುವ ಸೋಂಕು) ಲಸಿಕೆ ಬಗ್ಗೆಯೂ ಡಾಕ್ಟರನ್ನು ಕೇಳು. ಅದು ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಬಸುರಿ ಆಗಬಾರದು, ಅದಕ್ಕೆ ಮದುವೆಗೆ ಮುಂಚೆಯೇ ಮುಗಿಸಿಕೊಳ್ಳುವುದು ಒಳ್ಳೆಯದು ಅಂತ ನನ್ನ ಡಾಕ್ಟರ್ ಹೇಳಿದ್ದರು.

ಕೆಂಪುಟ್ಯೂಬ್

ಈ ನಾಲ್ಕಕ್ಕೆ ಖಾಲಿ ಹೊಟ್ಟೆ ಬೇಡ. ತಿಂಡಿ ತಿಂದೇ ಹೋಗಿ, ಕೆಲವರು ಸೂಜಿ ನೋಡಿದ ಕೂಡಲೇ ತಲೆ ಸುತ್ತಿ ಬೀಳುತ್ತಾರೆ. ಗುರುತಿನ ಚೀಟಿ ಇಟ್ಟುಕೊಂಡಿರಿ. ಐಸಿಟಿಸಿಯಲ್ಲಿ ಎಚ್‌ಐವಿ ಆಗುತ್ತದೆ, ಹೆಪಟೈಟಿಸ್ ಬೇರೆ ಕೌಂಟರ್ ಇರಬಹುದು, ಬೆಳಿಗ್ಗೆ ಬೇಗ ಹೋದರೆ ಒಂದೇ ದಿನದಲ್ಲಿ ಮುಗಿಯುತ್ತದೆ. ಶನಿವಾರ ತೆರೆದಿರುತ್ತದಾ, ಎಷ್ಟು ಹೊತ್ತಿನವರೆಗೆ ಅಂತ ಮೊದಲೇ ಕೇಳಿಕೊಳ್ಳಿ.

ಲಸಿಕೆ ಅವತ್ತೇ ಬೇಕಾದರೆ ಹಾಕಿಸಿಕೊಳ್ಳಿ, ಆದರೆ ರಕ್ತ ಕೊಟ್ಟ ಮೇಲೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ಮೇಲೆ ಎರಡು ಮೂರು ವಾರ ಎಚ್‌ಬಿಎಸ್‌ಎಜಿ ಟೆಸ್ಟ್ ಸುಳ್ಳೇ ಪಾಸಿಟಿವ್ ತೋರಿಸುವ ಸಾಧ್ಯತೆ ಇದೆ. ಆ ಟೆಸ್ಟ್ ಹುಡುಕುವ ವೈರಸ್ಸಿನ ಪ್ರೋಟೀನೇ ಲಸಿಕೆಯಲ್ಲೂ ಇರುವುದು. ಹುಡುಗನಿಗೂ ಇದನ್ನು ಹೇಳಿ, ಉತ್ಸಾಹದಲ್ಲಿ ಶುಕ್ರವಾರವೇ ಹಾಕಿಸಿಕೊಂಡು ಬಂದಾರು.